ನಿಂಗಯ್ಯನವರು ಮೇಲೆ ನೋಡಿದರು

ಜೂನ್ 3, ಮಂಗಳವಾರ

ಯಲಿಯೂರು. ಭುಜ ಹತ್ತು ಸಲ, ಮೊಣಕಾಲು ಹತ್ತು ಸಲ. ಮದ್ದೂರಿನಿಂದ ಬಂದು ನಿಂಗಯ್ಯನವರಿಗೆ ನಾನು ಫಿಸಿಯೋಥೆರಪಿ ಶುರುಮಾಡಿ ಎರಡು ವಾರ. ರಿಟೈರ್ಡ್ ಲೈನ್‌ಮನ್. ಮಾರ್ಚಿನಲ್ಲಿ ಸ್ಟ್ರೋಕ್ — ಕೈಕಾಲು ಆಡುವುದಿಲ್ಲ, ಮಾತಿಲ್ಲ. ಕಣ್ಣು ಮಾತ್ರ ತೆರೆದಿರುತ್ತದೆ.

"ಅಪ್ಪಂಗೆ ಏನೂ ಗೊತ್ತಾಗಕಿಲ್ಲ ಮೇಡಂ," ಅನ್ನುತ್ತಾನೆ ಮಗ ಯತೀಶ್.

ಇವರು ಆಸ್ಪತ್ರೆಯಲ್ಲಿದ್ದ ವಾರವೇ ಹೆಂಡತಿ ಯಶೋದಮ್ಮ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರಂತೆ. ಇವರಿಗೆ ಹೇಳಿಲ್ಲ. ಫೋಟೋ ಅಡುಗೆಮನೆಯಲ್ಲಿದೆ, ಇವರ ಕಣ್ಣಿಗೆ ಬೀಳದಂತೆ. ಆ ವಿಷಯ ಬಂದರೆ ಮಗ, ಸೊಸೆ ಇಬ್ಬರೂ ಜಗಲಿಗೆ ಹೋಗಿ ಮಾತಾಡುತ್ತಾರೆ.

ಏನೂ ಗೊತ್ತಾಗುವುದಿಲ್ಲ ಅಂದಮೇಲೆ ಮುಚ್ಚಿಡುತ್ತಿರುವುದು ಯಾರಿಂದ?

ಜೂನ್ 5

ಮೊಣಕಾಲು ಸ್ವಲ್ಪ ಜಾಸ್ತಿ ಮಡಚಿದೆ. "ನೋವಾಯ್ತಾ ಯಜಮಾನ್ರೇ?" — ಅಭ್ಯಾಸಬಲದಿಂದ ಕೇಳಿದ್ದು. ಕಣ್ಣು ಮೇಲೆ ಹೋಯಿತು.

ಆಕಸ್ಮಿಕ ಇರಬಹುದು. ಹೌದಾದರೆ ಮೇಲೆ ನೋಡಿ ಅಂದೆ. ನಿಮ್ಮ ಹೆಸರು ಮರಿಯಯ್ಯನಾ? ಕಣ್ಣು ಆಡಲಿಲ್ಲ. ನಿಂಗಯ್ಯನಾ? ಮೇಲೆ. ಕೆಲಸ ಮಾಡಿದ್ದು ಮಳವಳ್ಳಿಯಲ್ಲೇನಾ? ಮೇಲೆ. ಇಪ್ಪತ್ತು ಪ್ರಶ್ನೆ ಕೇಳಿದೆ, ಹತ್ತೊಂಬತ್ತು ಸರಿ. ತಪ್ಪಿದ ಒಂದನ್ನು ನಾನೇ ಗೊಂದಲವಾಗಿ ಕೇಳಿದ್ದೆ.

ಒಳಗೆ ಮನುಷ್ಯ ಇದ್ದಾರೆ. ಅನುಮಾನವಿಲ್ಲ.

ಜೂನ್ 6

ಯತೀಶ್ ಗೆಜ್ಜಲಗೆರೆ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ಬಂದ. ತೋರಿಸಿದೆ. ಖುಷಿಪಡುತ್ತಾನೆ ಅಂದುಕೊಂಡಿದ್ದೆ. ಮುಖ ಬಿಳಿಚಿತು.

"ಅಂಗಾದ್ರೆ ಮೂರು ತಿಂಗ್ಳಿಂದ ನಾವು ಆಡಿದ್ದೆಲ್ಲ ಕೇಳಿಸ್ಕಂಡವ್ನಾ?"

ಏನೇನು ಆಡಿದ್ದಿರಿ ಎಂದು ನಾನು ಕೇಳಲಿಲ್ಲ. ಹೋಗಿ ಜಗಲಿ ಮೇಲೆ ಕುಳಿತ.

ಜೂನ್ 10

ರಟ್ಟಿನ ಮೇಲೆ ಕಾಗುಣಿತ, ಒತ್ತು ಇಲ್ಲದೆ ಬರೀ ಅಕ್ಷರ ಬರೆದು ಒಯ್ದೆ. ಮೊದಲು ಸಾಲು ತೋರಿಸುವುದು, ಆಮೇಲೆ ಅಕ್ಷರ. ಬೇಕಾದದ್ದು ಬಂದಾಗ ಅವರು ಮೇಲೆ ನೋಡಬೇಕು.

ಮೊದಲ ಮಾತೇ — ಯ. ಶ. ದ.

ಯತೀಶ್ ನನ್ನನ್ನು ಹೊರಗೆ ಕರೆದ. "ಅವ್ವ ಮೈಸೂರ್ಗೆ ತಂಗಿ ಮನೆಗೆ ಓಗವ್ಳೆ ಅಂದ್ಬುಡಿ ಮೇಡಂ. ತಡ್ಕಳಕಿಲ್ಲ ಅವ್ನು."

"ಸುಳ್ಳು ನಾನು ಹೇಳಲ್ಲ. ನಿಜ ಹೇಳಬೇಕಾದ್ದೂ ನಾನಲ್ಲ ಯತೀಶ್, ನೀನು."

"ಏನಾರ ಎಚ್ಚುಕಮ್ಮಿ ಆದ್ರೆ?"

"ಸಂಕಟಪಡ್ತಾರೆ. ಈಗ್ಲೂ ಪಡ್ತಾನೇ ಇದಾರೆ, ಒಬ್ಬರೇ."

ಯತೀಶ್ ಒಳಗೆ ಹೋಗಿ ಮಂಚದ ಪಕ್ಕ ಕುಕ್ಕರಿಸಿದ.

"ಅಪ್ಪ... ಅವ್ವ ಇಲ್ಲ ಕಣಪ್ಪ."

ನಿಂಗಯ್ಯನವರು ಕಣ್ಣು ಮುಚ್ಚಿಕೊಂಡರು.

ಜೂನ್ 14

ನಾಲ್ಕು ದಿನ. ಕಣ್ಣು ತೆರೆದರೂ ಯಾರನ್ನೂ ನೋಡುವುದಿಲ್ಲ. ರಟ್ಟು ಹಿಡಿದರೆ ರೆಪ್ಪೆ ಮುಚ್ಚುತ್ತಾರೆ.

"ಎಂಗೋ ಇದ್ದೋರ್ನ ಕೆಡಿಸ್ಬುಟ್ರಿ ಮೇಡಂ," ಅಂದಳು ಸೊಸೆ ರೂಪ.

ಅವಳಿಗೆ ಉತ್ತರ ಇಲ್ಲಿ ಬರೆಯುತ್ತೇನೆ. ಒಳಗೆ ಮನುಷ್ಯ ಇದ್ದಾರೆ ಅಂದಮೇಲೆ ದುಃಖವೂ ಅವರದೇ. ಅದನ್ನು ಅವರಿಗೆ ಕೊಡದೆ ಇಟ್ಟುಕೊಳ್ಳಲು ನಾವು ಯಾರು? ಹೇಳಿದ್ದು ಸರಿ. ಮದ್ದೂರಿಗೆ ವಾಪಸ್ ಬಂದು ಊಟ ಸೇರಲಿಲ್ಲ — ಅದು ಬೇರೆ ಮಾತು.

ಜೂನ್ 17, ಸಂಜೆ

ಬೆಳಿಗ್ಗೆ ಒಳಗೆ ಕಾಲಿಟ್ಟ ಕೂಡಲೇ ನನ್ನನ್ನೇ ನೋಡಿದರು. ರಟ್ಟು ಹಿಡಿದೆ.

ಮ. ಣ.

"ಮಣೆ?" ಇಲ್ಲ. "ಮಣಿ?" ಇಲ್ಲ. ನನಗೆ ಹೊಳೆಯಲಿಲ್ಲ. ಬಾಗಿಲಲ್ಲಿದ್ದ ರೂಪ ಮೆಲ್ಲಗೆ ಅಂದಳು: "ಮಣ್ಣು ಮೇಡಂ. ಅತ್ತೆಗೆ ಮಣ್ಣಾಕ್ಬೇಕು ಅಂತಾವ್ರೆ."

ಕಣ್ಣು ಮೇಲೆ ಹೋಯಿತು. ಅಲ್ಲೇ ನಿಂತಿತು.

ವೀಲ್‌ಚೇರ್ ಸಮೇತ ಗೂಡ್ಸ್ ಆಟೋದಲ್ಲಿ ಹೊಲಕ್ಕೆ ಕರೆದೊಯ್ದೆವು. ಯಶೋದಮ್ಮನವರನ್ನು ಮಣ್ಣು ಮಾಡಿದ್ದು ಅಲ್ಲೇ. ಯತೀಶ್ ಅಪ್ಪನ ಅಂಗೈಗೆ ಮಣ್ಣು ತುಂಬಿದ. ಬೆರಳು ಮಡಚಿದ. ಕೈ ಹಿಡಿದು ಮಗುಚಿದ. ಮೂರು ಸಲ. ರೂಪ ಸೆರಗಿನಲ್ಲಿ ಮಾವನ ಕಣ್ಣು ಒರೆಸಿದಳು.

"ಅವತ್ತೇ ನಿಂಗೆ ಏಳ್ಬೇಕಾಗಿತ್ತು. ತೆಪ್ಪಾಯ್ತು ಕಣಪ್ಪ," ಅಂದ ಯತೀಶ್.

ನಿಂಗಯ್ಯನವರು ರಟ್ಟಿಗಾಗಿ ನೋಡಿದರು. ಹಿಡಿದೆ.

ಬ. ಡ.

ಬೇಡ — ಹಾಗೆ ಓದಿಕೊಂಡೆ. ಮಗನ ಮಾತು ಬೇಡವೇ? ಯತೀಶ್ ಅಪ್ಪನ ಮುಖದ ಹತ್ತಿರ ಬಗ್ಗಿದ.

"ಬುಡು ಅಂದ್ಯಾ ಅಪ್ಪ?"

ಮೇಲೆ ನೋಡಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಮತ್ತೆ ರಟ್ಟಿನತ್ತ ಕಣ್ಣು. ಬೆರಳಿಟ್ಟೆ. ಕ ಸಾಲಲ್ಲ. ಚ ಸಾಲಲ್ಲ. ಟ ಸಾಲಲ್ಲ. ತ ಸಾಲಿಗೆ ಮೇಲೆ ನೋಡಿದರು. ತ... ಥ... ದ... ಇನ್ನೂ ಹೇಳುವುದಿತ್ತು ಅವರಿಗೆ; ಯತೀಶ್, ರೂಪ ಇಬ್ಬರೂ ರಟ್ಟಿನತ್ತ ಬಗ್ಗಿದರು.