ಹೊಳೆಯ ಸೈರನ್‌ಗೆ ಎಷ್ಟು ಮೀಟರ್ ತಂತಿ ಬೇಕು?

ನೆರೆ ಎಚ್ಚರಿಕೆ ಶಾಖೆಯ ಮಾನ್ಯ ಮುಖ್ಯಾಧಿಕಾರಿಗಳೇ,

ಹೊಳೆನರಸೀಪುರದ ಹೊಳೆ ಮೆಟ್ಟಿಲ ಬಳಿಯ ಸೈರನ್‌ನಿಂದ ತಾವು ಬಿಚ್ಚಿಸಿದ ಸೆಲ್ಯುಲಾರ್ ಮೋಡೆಮ್ ಈಗ ನಮ್ಮ ಮನೆಯ ಬೀರುವಿನಲ್ಲಿ, ಮದುವೆಗೆ ಬಂದ ಡಿನ್ನರ್ ಸೆಟ್ಟಿನ ಪಕ್ಕದಲ್ಲಿದೆ. ಎರಡೂ ಬಳಕೆಯಲ್ಲಿಲ್ಲ. ಡಿನ್ನರ್ ಸೆಟ್ ಕಾಯಬಲ್ಲದು. ಹೊಳೆ ಕಾಯುತ್ತದೆಯೇ?

ಅದನ್ನು ಜೋಡಿಸಿದವರು ತಮ್ಮದೇ ಶಾಖೆಯ ಕಿರಿಯ ಎಂಜಿನಿಯರ್ ಜಯಂತ್, ನನ್ನ ಯಜಮಾನರು. ಮದುವೆಯಾಗಿ ನಾಲ್ಕೇ ತಿಂಗಳು. ಹೊಗಳಿಕೆ ತುಸು ಹೆಚ್ಚಾದರೆ ಸಹಿಸಿಕೊಳ್ಳಿ. ಅಣೆಕಟ್ಟೆಯಿಂದ ಸೈರನ್‌ಗೆ ಎಳೆದಿದ್ದ ಟೆಲಿಫೋನ್ ತಂತಿ ಪ್ರತಿ ಮಳೆಗಾಲವೂ ತುಂಡಾಗುತ್ತಿತ್ತು. ಇವರು ಸೈರನ್ ಪೆಟ್ಟಿಗೆಯೊಳಗೆ ಸಿಮ್ ಹಾಕಿದ ಮೋಡೆಮ್ ಕೂರಿಸಿದರು. ನೀರು ಬಿಡುವ ಮುನ್ನ ಅಣೆಕಟ್ಟೆಯವರು ಒಂದು ಎಸ್ಸೆಮ್ಮೆಸ್ ಕಳಿಸಿದರೆ ಸಾಕು, ಸೈರನ್ ತಾನೇ ಕೂಗುತ್ತಿತ್ತು. ಎಷ್ಟು ಸರಳ, ಎಷ್ಟು ಚೆಂದ!

ಅದು ಕೂಗಿದ್ದನ್ನು ನಾನು ನೀರಿನಲ್ಲಿ ನಿಂತು ಕೇಳಿದ್ದೇನೆ. ಈ ವರ್ಷ, ೨೦೦೫ರ ಗೌರಿ ಹಬ್ಬ, ಮದುವೆಯಾದ ಮೇಲೆ ನನಗೆ ಮೊದಲನೆಯದು. ಗಂಗೆ ಪೂಜೆಗೆಂದು ಅತ್ತೆ ಅಂಬುಜಮ್ಮನವರೊಡನೆ ಕೊನೆಯ ಮೆಟ್ಟಿಲು ದಾಟಿ ಬಂಡೆಯ ಮೇಲೆ ಮೊರದ ಬಾಗಿನ ಇಟ್ಟಿದ್ದೆವು. ಸೈರನ್ ಕೂಗಿತು. ಹರಿಗೋಲಿನ ಕೆಂಪಣ್ಣ ದಡದಿಂದ ಕರೆದ.

"ಅಮ್ಮಾರೆ, ಮೊರ ಅಲ್ಲೇ ಬುಟ್ಟು ಮ್ಯಾಕ್ ಬನ್ನಿ. ನೀರು ಬತ್ತೈತೆ."

"ಇರಪ್ಪ, ಇನ್ನೂ ಆರತಿ ಆಗಿಲ್ಲ" ಎಂದರು ಅತ್ತೆ.

"ಆರತಿ ನೀವ್ ಎತ್ತಿ, ನಿಮ್ಮನ್ನ ಯಾರ್ ಎತ್ತಾರು? ಸೊಸೇರ ಕೈ ಇಡ್ಕಂಡ್ ಬನ್ನಿ ಮೊದ್ಲು."

ನಾವು ಮೇಲೆ ಬಂದು ಸೆರಗು ಹಿಂಡುವಷ್ಟರಲ್ಲಿ ಬಂಡೆ ಮುಳುಗಿತ್ತು. ಮೊರ ತೇಲಿ ಹೋಯಿತು. "ಗಂಗಮ್ಮ ತಾನೇ ಇಸ್ಕಂಡ್ಲು ಬುಡಿ" ಎಂದು ಕೆಂಪಣ್ಣ ನಕ್ಕ. ಅತ್ತೆಯವರು ಮಾತ್ರ ಮನೆ ಸೇರುವವರೆಗೂ ನನ್ನ ಕೈ ಬಿಡಲಿಲ್ಲ.

ಹತ್ತು ದಿನಕ್ಕೆ ತಮ್ಮ ಆದೇಶ ಬಂತು. ಅನುಮೋದನೆಯ ನಮೂನೆಯಲ್ಲಿ 'ತಂತಿಯ ಉದ್ದ, ಮೀಟರುಗಳಲ್ಲಿ' ಎಂಬ ಕಾಲಂ ಇದೆಯಂತೆ. ಸುಳ್ಳು ಬರೆಯಲು ಬಾರದ ನನ್ನವರು ಅಲ್ಲಿ ಸೊನ್ನೆ ಬರೆದರು. ತಮ್ಮ ಕಚೇರಿಯ ಗುಮಾಸ್ತರು ಕೇಳಿದರಂತೆ: "ತಂತೀನೇ ಇಲ್ಲ ಅಂದ್ಮೇಲೆ ಸಂಪರ್ಕ ಎಲ್ಲೈತೆ ಸಾ? ಎಂಗ್ ಪಾಸ್ ಮಾಡೋದು?" ತಾವೂ ಹಾಗೆಯೇ ಷರಾ ಬರೆದಿರಿ: 'ಸಂಪರ್ಕವಿಲ್ಲ. ಉಪಕರಣ ತೆಗೆಯತಕ್ಕದ್ದು.' ಮಾನ್ಯರೇ, ತಮ್ಮ ಜೇಬಿನ ಮೊಬೈಲಿಗೆ ಎಷ್ಟು ಮೀಟರ್ ತಂತಿಯಿದೆ?

ನಾನು ಹಾಸನದ ಕಾನ್ವೆಂಟಿನಲ್ಲಿ ಓದಿದವಳು. ಈ ಪತ್ರವನ್ನು ಇಂಗ್ಲಿಷಿನಲ್ಲೇ ಬರೆಯಬಹುದಿತ್ತು. ಮೆಟ್ಟಿಲ ಮೇಲೆ ಬಟ್ಟೆ ಒಗೆಯುವವರೂ ಓದಿಸಿ ಕೇಳಲಿ ಎಂದು ಕನ್ನಡದಲ್ಲಿ ಬರೆದೆ. ನನ್ನವರಿಗೆ ಇದು ಗೊತ್ತಿಲ್ಲ. ಶಿಕ್ಷೆ ಕೊಡುವುದಿದ್ದರೆ ನನಗೇ ಕೊಡಿ.

ಕಾಲಂ ತಿದ್ದಿ, ಮೋಡೆಮ್ಮನ್ನು ಈ ವಾರವೇ ಅದರ ಜಾಗದಲ್ಲಿ ಮತ್ತೆ ಕೂರಿಸಿ. ಅಲ್ಲಿಯವರೆಗೆ ಹಗಲೆಲ್ಲ ನಾನೇ ಮೆಟ್ಟಿಲ ಮೇಲೆ ಕೂರುತ್ತೇನೆ. ಒಂದು ಕೈಯಲ್ಲಿ ಅದೇ ಸಿಮ್ ಹಾಕಿದ ಮೊಬೈಲ್, ಇನ್ನೊಂದರಲ್ಲಿ ಅತ್ತೆಯವರ ಪೂಜೆಯ ಜಾಗಟೆ. ಎಸ್ಸೆಮ್ಮೆಸ್ ಬಂದರೆ ಬಾರಿಸುತ್ತೇನೆ. ನನ್ನನ್ನು ಬಿಚ್ಚಿಸಲು ಯಾವ ನಮೂನೆ ತರುತ್ತೀರೋ ತನ್ನಿ.

ಇಂತಿ,
ಸದ್ಯಕ್ಕೆ ತಮ್ಮ ಶಾಖೆಯ ಸಂಬಳವಿಲ್ಲದ ಮೋಡೆಮ್,
ಶ್ರೀಗೌರಿ ಜಯಂತ್
ಹೊಳೆನರಸೀಪುರ