ನಿಮ್ಮಪ್ಪನನ್ನು ಕರೆದುಕೊಂಡು ಹೋಗು

ಹೊಳೆನರಸೀಪುರ
೯ ಫೆಬ್ರವರಿ ೨೦೨೫, ಭಾನುವಾರ

ಅನು ಮಗಳೇ,

ಬಾಣಂತಿ ಮೈಗೆ ತಣ್ಣನೆ ಗಾಳಿ ತಾಗದಿರಲಿ, ಕೂಸು ಹೊಟ್ಟೆ ತುಂಬ ಕುಡಿದು ನಿದ್ದೆ ಮಾಡಲಿ ಎಂದು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದು ನಿನಗೆ ಹಿಡಿಸಲಿಕ್ಕಿಲ್ಲ.

ಚನ್ನರಾಯಪಟ್ಟಣ ಇಲ್ಲೇ ಇರುವಾಗ ಅತ್ತೆ ಕಾಗದ ಬರೆಯುವುದೇಕೆ ಎಂದು ಅಳಿಯ ರಜನೀಶ್ ನಗಬಹುದು. ಫೋನು ನಿಮ್ಮಪ್ಪನ ಜೇಬಿನಲ್ಲಿರುತ್ತದೆ. ನೀನು ಮಾಡಿದಾಗೆಲ್ಲ ಅವರು ಸ್ಪೀಕರ್ ಹಾಕಿ ನನ್ನ ಬಾಯಿಯ ಮುಂದೆ ಹಿಡಿಯುತ್ತಾರೆ. ಹೋದ ವಾರ ನೀನು, "ಯುಗಾದಿಗೆ ನನ್ ರಜ ಮುಗಿಯುತ್ತೆ ಅಮ್ಮ, ಅಪ್ಪ ನೀನು ಇಬ್ರೂ ಬಂದ್ಬಿಡಿ, ಮೇಲಿನ ರೂಮಿಗೆ ಬಣ್ಣ ಹೊಡೆಸಿದೀವಿ" ಎಂದೆ. ನಾನು "ನೋಡಣ" ಎಂದೆ. ನೀನು ಅದನ್ನು ಒಪ್ಪಿಗೆ ಎಂದುಕೊಂಡೆ. ನಿಮ್ಮಪ್ಪ ಅವತ್ತೇ ಟ್ರಂಕಿನ ಧೂಳು ಕೊಡವಿದರು.

ನಾನು ಬರುವುದಿಲ್ಲ, ಅನು.

ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ ಮಗು. ನೋಡಿಕೊಳ್ಳಲು ಬಾ ಎಂದು ಹೆತ್ತ ಮಗಳು ಕರೆದರೆ ಬಾರೆನೆನ್ನುವವಳು ಎಂಥ ತಾಯಿ ಎಂದು ನೀನು ಕೇಳುವುದಕ್ಕೆ ಮೊದಲೇ ನನ್ನನ್ನು ನಾನು ಕೇಳಿಕೊಂಡಿದ್ದೇನೆ. ಮಂಡಿ ನೋವು, ನಿಮ್ಮ ಮನೆಯ ಮೆಟ್ಟಿಲು ಹತ್ತಲಾರೆ ಎಂದು ಎರಡು ಸಾಲು ಬರೆದು ಮುಗಿಸೋಣವೆಂದುಕೊಂಡೆ. ಮಂಡಿ ನೋವು ಸುಳ್ಳಲ್ಲ. ಆದರೆ ಅದು ಕಾರಣವೂ ಅಲ್ಲ.

ನಿನಗೆ ಈ ಆಸೆ ಹುಟ್ಟಿದ್ದು ಆ ವಿಡಿಯೋ ನೋಡಿ ಎಂಬುದು ನನಗೆ ಗೊತ್ತು. ನಾವಿರುವ ಈ ವೃದ್ಧಾಶ್ರಮ ಮೊದಲು ಅಕ್ಕಿ ಗಿರಣಿಯಾಗಿತ್ತಲ್ಲ, ಭತ್ತ ಒಣಗಿಸುತ್ತಿದ್ದ ಆ ದೊಡ್ಡ ಸಿಮೆಂಟು ಅಂಗಳದಲ್ಲಿ ನಿಮ್ಮಪ್ಪ ಒಂದು ಹೆಣ್ಣು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಕುದುರೆಯ ಹಾಗೆ ಕುಣಿಯುತ್ತಾರೆ. ಮ್ಯಾನೇಜರ್ ಸುದರ್ಶನ್ ಅದನ್ನು ಹಿಡಿದು ಊರಿಗೆಲ್ಲ ಕಳಿಸಿದ. "ಅಪ್ಪ ಎಷ್ಟು ಬದಲಾಗಿದಾರಮ್ಮ, ನಂಗೆ ಅಳುನೇ ಬಂತು" ಎಂದೆ ನೀನು. ನಿನಗೆ ಅಳು ಬಂತು. ನನಗೆ ಬಂದದ್ದು ಬೇರೆ.

ವಿಡಿಯೋದಲ್ಲಿ ಕಾಣದ್ದನ್ನು ಹೇಳುತ್ತೇನೆ. ಹೋದ ದಸರೆ ಮುಗಿದ ಮೇಲೆ ಇಲ್ಲಿಯ ಗೋದಾಮಿನಲ್ಲಿ ಮಕ್ಕಳ ಮನೆ ತೆರೆದರು. ಹಾಸನದ ಗಾರ್ಮೆಂಟ್ಸಿಗೆ ಬಸ್ಸಿನಲ್ಲಿ ಹೋಗುವ ಹೆಣ್ಣುಮಕ್ಕಳು ಬೆಳಿಗ್ಗೆ ಬಿಟ್ಟು ಸಂಜೆ ಕರೆದೊಯ್ಯುತ್ತಾರೆ. ಒಳ್ಳೆಯ ಕೆಲಸ, ಬೇಡವೆನ್ನಲಿಲ್ಲ. ಮಕ್ಕಳಿಗೆ ಅಜ್ಜಿಯರ ಪ್ರೀತಿ, ಅಜ್ಜಿಯರಿಗೆ ಮಕ್ಕಳ ನಗು ಎಂದು ಟ್ರಸ್ಟಿನವರು ಮೈಕಿನಲ್ಲಿ ಹೇಳಿದರು. ಮರುದಿನದಿಂದ ನಮ್ಮ ಸಾಲಿನ ಹೆಂಗಸರಿಗೆಲ್ಲ ಸರದಿ ಹಾಕಿದರು. ಕೇಳಲಿಲ್ಲ, ಹಾಕಿದರು. ಗಂಡಸರು ಪೇಪರ್ ಓದುತ್ತ, ಚೌಕಾಬಾರ ಆಡುತ್ತ ಕೂತಿದ್ದರು.

ನಿನಗೆ ಗೊತ್ತಲ್ಲ, ನನ್ನ ಬಾಯಿ ಸುಮ್ಮನಿರುವುದಿಲ್ಲ. ಗಂಡಸರ ಹೆಸರು ಯಾಕಿಲ್ಲ ಎಂದು ಸಭೆಯಲ್ಲೇ ಕೇಳಿದೆ. ಸುದರ್ಶನ್ ನಕ್ಕು, "ಅವರಿಗೆ ಇದೆಲ್ಲ ಬರಲ್ಲ ಮೇಡಂ" ಎಂದ. ನನಗೂ ಹುಟ್ಟಿದಾಗಲೇ ಬರುತ್ತಿರಲಿಲ್ಲಪ್ಪ ಎಂದೆ. ನುಗ್ಗೇಹಳ್ಳಿಯಲ್ಲಿ ಮೂರನೇ ಕ್ಲಾಸಿಗೆ ನಾನು ತಮ್ಮನನ್ನು ಕಂಕುಳಿಗೆ ಹಾಕಿಕೊಂಡೇ ಹೋಗುತ್ತಿದ್ದೆ. ಅವನು ಅತ್ತಾಗ ಮೇಷ್ಟ್ರು ನನ್ನನ್ನು ಹೊರಗೆ ಕಳಿಸುತ್ತಿದ್ದರು. ಭಾಗಾಕಾರ ನಾನು ಕಲಿತದ್ದು ಕಿಟಕಿಯಾಚೆ ನಿಂತು. ಅವತ್ತಿನಿಂದ ನನ್ನ ಸೊಂಟ ಖಾಲಿಯಿದ್ದ ವರ್ಷಗಳು ಕಡಿಮೆ. ಇದನ್ನೆಲ್ಲ ಸಭೆಯಲ್ಲಿ ಹೇಳಿದೆ. ನನ್ನ ಪಕ್ಕದ ಮಂಚದ ಬೆಟ್ಟಮ್ಮ ಮಾತ್ರ, "ಬುಡಕ್ಕ, ಈ ಮುದುಕ್ರು ಕೂಸೆತ್ಕಂಡ್ರೆ ಇವ್ರನ್ನ ಎತ್ಕಳಕ್ಕೆ ಇನ್ನಿಬ್ರು ಬೇಕಾಯ್ತರೆ" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗುವಿನಲ್ಲೇ ಗಂಡಸರಿಗೂ ಸರದಿ ಬಂತು.

ನಿಮ್ಮಪ್ಪನಿಗೆ ಸಿಕ್ಕಿದ್ದು ಸಂಘಮಿತ್ರಾ. ಎರಡು ತುಂಬಿದ ಹುಡುಗಿ, ನಾವು ಮಿತ್ರಾ ಎನ್ನುತ್ತೇವೆ. ತಾಯಿ ಶೋಭಿತಾ ಹೊಲಿಗೆ ಲೈನಿನಲ್ಲಿದ್ದಾಳೆ. ಮೊದಲ ದಿನವೇ ಮಗು ಚಡ್ಡಿಯಲ್ಲಿ ಮಾಡಿಕೊಂಡಿತು. ನಿಮ್ಮಪ್ಪ ಅಂಗಳದ ಆ ತುದಿಯಿಂದ, "ಏ ಇವಳೇ, ಬಾರೇ ಇಲ್ಲಿ, ಮಗ ಕಕ್ಕ ಮಾಡ್ಕಂಡೈತೆ" ಎಂದು ಕೂಗಿದರು. ನಾನು ಕೂತಲ್ಲಿಂದ ಏಳಲಿಲ್ಲ. ಏಳಲು ಹೋದ ಬೆಟ್ಟಮ್ಮನ ಸೆರಗು ಹಿಡಿದು ಕೂರಿಸಿದೆ. ಅವರು ಮತ್ತೊಮ್ಮೆ ಕೂಗಿ, ಸುತ್ತ ನೋಡಿ, ಕೊನೆಗೆ ಮಗುವನ್ನು ದೂರ ಹಿಡಿದುಕೊಂಡು ನಲ್ಲಿಯ ಹತ್ತಿರ ಹೋದರು.

ಆಮೇಲೆ ನಾನೇ ಕಲಿಸಿದೆ. ಯಾವ ಕೈಯಲ್ಲಿ ಹಿಡಿಯಬೇಕು, ರಾಗಿ ಸರಿ ಎಷ್ಟು ತೆಳ್ಳಗಿರಬೇಕು, ಸಣ್ಣ ಕೂಸುಗಳಿಗೆ ಕುಡಿಸಿದ ಮೇಲೆ ಹೆಗಲಿಗೆ ಹಾಕಿ ಹೇಗೆ ತಟ್ಟಬೇಕು, ಎಲ್ಲ. ಕಲಿತರು, ಚೆನ್ನಾಗಿಯೇ ಕಲಿತರು. ಈಗ ಮಿತ್ರಾ ತಿಂದು ಬಿಟ್ಟ ಮುದ್ದೆಯನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಅರಕಲಗೂಡಿನ ಹತ್ತಿರದ ನಮ್ಮ ಊರಿನಲ್ಲಿ ಇಂಥ ಮಗುವಿನ ಮುತ್ತಜ್ಜನನ್ನು ಜಗಲಿಯ ಕೆಳಗೆ ನಿಲ್ಲಿಸಿ ಮೇಲಿನಿಂದ ನೀರು ಹುಯ್ಯುತ್ತಿದ್ದ ಮನೆ ನಮ್ಮದು. ಅದನ್ನು ನಾನು ಮರೆತಿಲ್ಲ, ಅವರು ಮರೆತಿದ್ದಾರೆ. ಮರೆತದ್ದು ಒಳ್ಳೆಯದೇ ಆಯಿತೇನೋ, ನನಗೆ ತಿಳಿಯದು.

ನನ್ನ ಸಿಟ್ಟು ಬೇರೆಯದು. ನಿನಗೆ ಏಳು ತಿಂಗಳಾಗಿದ್ದಾಗ ಪಡಸಾಲೆಯ ತೊಟ್ಟಿಲಲ್ಲಿ ಅಳುತ್ತಿದ್ದೆ. ನಿಮ್ಮ ತಾತ ಕುರ್ಚಿಯಲ್ಲಿ ಕೂತಿದ್ದರು, ನಿಮ್ಮಪ್ಪ ತೊಟ್ಟಿಲ ಪಕ್ಕದಲ್ಲಿ ನಿಂತಿದ್ದರು, ಎರಡೂ ಕೈ ಖಾಲಿ. ನಾನು ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದೆ. "ಏ, ಮಗ ಅಳ್ತೈತೆ" ಎಂದು ಅಲ್ಲಿಂದಲೇ ಕೂಗಿದರು. ಹೆತ್ತ ಅಪ್ಪನ ಎದುರು ಮಗನಾದವನು ತನ್ನ ಕೂಸನ್ನು ಎತ್ತಿಕೊಳ್ಳುವುದು ನಾಚಿಕೆಗೇಡು, ಆ ಮನೆಯ ಪದ್ಧತಿ ಅದು. ನಾನು ಸಗಣಿ ಕೈ ತೊಳೆದು ಬರುವಷ್ಟರಲ್ಲಿ ನೀನು ಅತ್ತು ಅತ್ತು ನೀಲಿಯಾಗಿದ್ದೆ. ನಿಮ್ಮ ತಾತ ತೀರಿಕೊಂಡಾಗ ನಿನಗೆ ಹನ್ನೊಂದು. ಎತ್ತಿಕೊಳ್ಳುವ ವಯಸ್ಸು ದಾಟಿತ್ತು.

ಹಾಗಾಗಿ ಆ ವಿಡಿಯೋ ನೋಡಿ ಜನ ಕೈ ಮುಗಿಯುವಾಗ ನನಗೆ ಎಲ್ಲಿಯೂ ಹೇಳಿಕೊಳ್ಳಲಾಗದ ಉರಿ. ಅರವತ್ತು ವರ್ಷ ಹೊತ್ತವಳ ವಿಡಿಯೋ ಯಾರು ತೆಗೆದರು? ನಾನು ಸಿಟ್ಟಾದರೆ ಬೆಟ್ಟಮ್ಮ ಕೂಡ, "ಒಳ್ಳೇದು ಮಾಡ್ತಾ ಅವ್ರೆ, ನಿಂಗ್ಯಾಕಕ್ಕ ಹೊಟ್ಟೆಕಿಚ್ಚು" ಎನ್ನುತ್ತಾಳೆ.

ಈಗ ಕಾರಣಕ್ಕೆ ಬರುತ್ತೇನೆ. ನಿಮ್ಮ ಮೇಲಿನ ರೂಮು ಒಂದೇ.

ಇಷ್ಟೇ, ಅನು. ನಾವು ಇಲ್ಲಿಗೆ ಬಂದಾಗ ನಿನಗೆ ಅವಮಾನವಾಗಿತ್ತು, ಮಗಳಿದ್ದೂ ಅಪ್ಪ ಅಮ್ಮ ಅನಾಥರ ಹಾಗೆ ಎಂದು. ಹಟ ಹಿಡಿದು ಬಂದವಳು ನಾನು. ನೋಡಲು ಬಂದ ದಿನ ಸುದರ್ಶನ್ ತಪ್ಪು ಒಪ್ಪಿಕೊಳ್ಳುವವನ ಹಾಗೆ, ಇಲ್ಲಿ ಗಂಡಸರ ಸಾಲು ಬೇರೆ, ಹೆಂಗಸರ ಸಾಲು ಬೇರೆ, ದಂಪತಿಗಳಿಗೂ ಅಷ್ಟೇ ಎಂದ. ಅವತ್ತೇ ನಿರ್ಧಾರ ಮಾಡಿದೆ. ನಿಮ್ಮಪ್ಪ ಕುಡುಕರಲ್ಲ, ಹೊಡೆದವರಲ್ಲ. ಹಾಗಿದ್ದರೆ ಹೇಳಿಕೊಳ್ಳುವುದು ಸುಲಭವಿತ್ತು. ಅವರು ಕರೆಯುತ್ತಾರೆ, ಅಷ್ಟೇ. ನೀರು, ಟವೆಲ್, ಕನ್ನಡಕ, ಬೆನ್ನು ತುರಿಸು. ಹೆಸರಿಲ್ಲ, "ಏ ಇವಳೇ". ನಾನು ಪುಸ್ತಕ ತೆರೆದರೆ "ದೀಪ ಆರ್ಸು, ಕಣ್ಣು ಕುಕ್ತದೆ". ನಲವತ್ತಾರು ವರ್ಷ ನಾನು ಓದಿದ್ದೆಲ್ಲ ನೀರೊಲೆಯ ಬೆಳಕಿನಲ್ಲಿ. ಇಲ್ಲಿ ಕಣ್ಣು ಮುಚ್ಚುವವರೆಗೆ ಓದುತ್ತೇನೆ, ಬೆಟ್ಟಮ್ಮ ಗೊರಕೆ ಹೊಡೆಯುತ್ತಾಳೆ, ಯಾರೂ ಕರೆಯುವುದಿಲ್ಲ.

ಇದು ಸ್ವರ್ಗ ಎಂದುಕೊಳ್ಳಬೇಡ. ಮಕ್ಕಳು ರಸ್ತೆಗೆ ಓಡದಿರಲಿ ಎಂದು ಈಗ ಹಗಲೂ ಗೇಟಿಗೆ ಬೀಗ. ನಾನು ಲೈಬ್ರರಿಗೆ ಹೋಗಬೇಕಾದರೆ ಕಾವಲುಗಾರ ಕೆಂಪಣ್ಣ "ಮನೆಯವ್ರನ್ನ ಕೇಳ್ಬೇಕು ಕಣವ್ವ" ಎಂದು ಫೋನು ತೆಗೆಯುತ್ತಾನೆ. ಮನೆಯವರು ಎಂದರೆ ನಿಮ್ಮಪ್ಪ, ಅಂಗಳದ ಆಚೆ ಚೌಕಾಬಾರ ಆಡುತ್ತಿರುವವರು. ಅವರು ಅಲ್ಲಿಂದ ನನ್ನತ್ತ ನೋಡಿ, "ಯಾಕೆ, ಯಾವ ಪುಸ್ತ್ಕ" ಎಂದು ಫೋನಿನಲ್ಲಿ ಕೇಳುತ್ತಾರೆ. ಹೋದ ತಿಂಗಳು ಒಂದು ಸಲ ಮಾತ್ರ ಹೋಗಿದ್ದೆ.

ಆದರೂ ಇಲ್ಲಿ ರಾತ್ರಿ ನನ್ನದು. ನಿಮ್ಮ ಮನೆಯಲ್ಲಿ ಹಗಲು ನಿನ್ನ ಕೂಸಿನದಾಗುತ್ತದೆ, ರಾತ್ರಿ ಅವರದಾಗುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ, ನಿಮ್ಮಪ್ಪನನ್ನು ಕರೆದುಕೊಂಡು ಹೋಗು. ಅವರೊಬ್ಬರನ್ನೇ. ಕೂಸು ನೋಡಿಕೊಳ್ಳಲು ಏನೇನು ಬೇಕೋ ಎಲ್ಲ ಬರುತ್ತದೆ, ನಾನು ಖಾತ್ರಿ ಕೊಡುತ್ತೇನೆ. ಮಗಳ ಮನೆಗೆ ಅಮ್ಮನೇ ಹೋಗಬೇಕೆಂದು ಯಾರು ಬರೆದಿಟ್ಟಿದ್ದಾರೆ?

ಬೆಳಿಗ್ಗೆ ಅವರಿಗೆ ಹೇಳಿದೆ. ಕಾಫಿ ಲೋಟ ಕೆಳಗಿಟ್ಟರು.

"ನಾನೊಬ್ನೆಯಾ?"

"ಹೂಂ, ನೀವೊಬ್ರೇ."

"ಹೆಂಡ್ರ ಬುಟ್ಟು ಮಗಳ ಮನೇಲಿ ಕೂಸಾಡ್ಸಕ್ಕೆ ಬಂದವ್ನೆ ಅಂದ್ಕಂಡು ಜನ ನಗಾಕಿಲ್ವಾ?"

"ಅರವತ್ತು ವರ್ಷದಿಂದ ನಾನು ಆಡಿಸ್ತಿದೀನಿ. ಯಾರೂ ನಗಲಿಲ್ಲ."

ನೀನಿಲ್ಲದೆ ಹೇಗಿರಲಿ ಎನ್ನುತ್ತಾರೆ, ಆಗ ನಾನು ಕರಗಿಬಿಡುತ್ತೇನೆ ಎಂದು ಹೆದರಿದ್ದೆ. ಅವರು ಕೇಳಿದ್ದು ಬೇರೆ: "ಅಳೀಮಯ್ಯನ ಮುಂದೆ ಎತ್ಕಂಡ್ರೆ ಏನೂ ಅನ್ಕಳಾಕಿಲ್ವಾ ಅವ್ರು?" ನಗಬೇಕೋ ಬೈಯಬೇಕೋ ತಿಳಿಯದೆ ಎದ್ದು ಬಂದೆ. ರಜನೀಶನಿಗೆ ಹೇಳು, ಅವನೇ ಮೊದಲ ದಿನ ಕೂಸನ್ನು ಅವರ ಕೈಗೆ ಕೊಡಲಿ.

ನನ್ನ ಬಗ್ಗೆ ಚಿಂತೆ ಬೇಡ. ಇಲ್ಲಿ ನನ್ನ ಜಾಗಕ್ಕೆ ಯಾವ ತೊಂದರೆಯೂ ಇಲ್ಲ. ಮಿತ್ರಾ ಒಂದೆರಡು ದಿನ ತಾತನನ್ನು ಹುಡುಕಬಹುದು, ನಾನು ನೋಡಿಕೊಳ್ಳುತ್ತೇನೆ.

ಕೂಸನ್ನು ನೋಡಬೇಕೆನಿಸುತ್ತದೆ, ಅನು. ಅದು ಸುಳ್ಳಲ್ಲ. ಒಂದು ದಿನದ ಮಟ್ಟಿಗೆ ಎತ್ತಿಕೊಂಡು ಬಾ. ಎತ್ತಿಕೊಂಡು ವಾಪಸ್ ಹೋಗು.

ನಿನ್ನ ಮೇಲೆ ಕೋಪವಿಲ್ಲದ, ನಿನ್ನ ಕೋಪಕ್ಕೆ ಕಾದಿರುವ
ಅಮ್ಮ
ಪಾರ್ವತಮ್ಮ

ಅಂಟಿಸುವ ಮೊದಲು ಕಾಗದವನ್ನು ಮತ್ತೆ ಬಿಡಿಸಿದೆ. ಅಪ್ಪನನ್ನು ಕರೆದೊಯ್ಯಲು ಬಂದಾಗ ರಜನೀಶನಿಗೆ ಸುದರ್ಶನ್ ಹೇಗೂ ಹೇಳುತ್ತಾನೆ, ಅದಕ್ಕಿಂತ ನಾನೇ ಹೇಳುವುದು ಒಳ್ಳೆಯದು. ನನ್ನ ಜಾಗಕ್ಕೆ ತೊಂದರೆಯಿಲ್ಲ ಎಂದದ್ದು ನಿಜವಲ್ಲ. "ನಿಮ್ದು ಜೋಡಿ ಸೀಟು ಮೇಡಂ, ಯಜಮಾನ್ರು ಹೋದ್ರೆ ನೀವೂ ಖಾಲಿ ಮಾಡ್ಬೇಕಾಗುತ್ತೆ, ರೂಲ್ಸ್ ಟ್ರಸ್ಟಿಂದು" ಎಂದು ಸುದರ್ಶನ್ ನಿನ್ನೆಯೇ ಹೇಳಿದ್ದ. ಗಂಡ ಸತ್ತಿದ್ದರೆ ಉಳಿಸಿಕೊಳ್ಳುತ್ತಾರಂತೆ, ಬದುಕಿದ್ದರೆ ಇಲ್ಲವಂತೆ. ಮಕ್ಕಳ ಮನೆಯ ಆಯಾ ಸಂಕ್ರಾಂತಿಗೆ ಕೆಲಸ ಬಿಟ್ಟಿದ್ದಾಳೆ. ಆ ಕೆಲಸ ಪೂರ್ತಿ ಹೊತ್ತು ಮಾಡುವುದಾದರೆ ಇರಬಹುದು ಎಂದರು. ಬೆಳಗಿನಿಂದ ಸಂಜೆಯವರೆಗೆ, ಅಷ್ಟೂ ಮಕ್ಕಳು. ಒಪ್ಪಿಕೊಂಡೆ. ನಿನ್ನ ಒಂದು ಕೂಸನ್ನು ಒಲ್ಲೆ ಎಂದವಳು ಊರಿನ ಮಕ್ಕಳನ್ನೆಲ್ಲ ಹೊತ್ತುಕೊಂಡಳು ಎಂದು ನೀನು ಅನ್ನಬಹುದು. ಹೆಂಗಸರ ಸಾಲಿನ ಮಂಚವೂ ಹೋಯಿತು. ಗೋದಾಮಿನ ಪಕ್ಕ ನುಚ್ಚಿನ ಚೀಲ ಇಡುತ್ತಿದ್ದ ಕೋಣೆಯನ್ನು ಕೊಟ್ಟಿದ್ದಾರೆ. ಒಂದು ಮಂಚ ಹಿಡಿಸುತ್ತದೆ. ಎರಡನೆಯದಕ್ಕೆ ಜಾಗವಿಲ್ಲ, ಅಳೆದು ನೋಡಿಯೇ ಒಪ್ಪಿಕೊಂಡಿದ್ದೇನೆ.