ಧಣಿಯ ಪಥ್ಯ

ಮಾರ್ಚ್ ೯, ಸೋಮವಾರ

ಮೊಂಡಿಗೆ ದೊಡ್ಡಮ್ಮನ ಆಶೀರ್ವಾದ.

ಫೋನಲ್ಲಿ ನೀನು ಬರೀ ಕೂಗಾಡ್ತೀಯ, ಹೇಳೋದಿದ್ರೆ ಬರೆದು ಕಳಿಸು ಎಂದು ಬರೆದಿದ್ದೀಯಲ್ಲ, ತಗೋ, ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಗೆ ಪೆನ್ನು ಕೊಟ್ಟು ಮಜಾ ನೋಡುತ್ತಿದ್ದೀಯಾ? ಬೆಳಗ್ಗೆಯಿಂದ ಮೂರು ಹಾಳೆ ಹರಿದು ಹಾಕಿದೆ. ಅಕ್ಷರ ಕೋಳಿ ಕೆದರಿದ ಹಾಗಿದೆ. ತಿಳಿಯದಿದ್ದರೆ ಹಾಸ್ಟೆಲಿನಲ್ಲಿ ಯಾರ ಕೈಲಾದರೂ ಓದಿಸಿಕೋ. ಬೇಡ, ಯಾರ ಕೈಲೂ ಓದಿಸಬೇಡ. ಕಷ್ಟಪಟ್ಟು ನೀನೇ ಓದು.

ನಿನ್ನ ಕಾಗದವೂ ಸೂರ್ಯಕಾಂತಿ ಬೀಜದ ಚೀಲವೂ ಗುರುವಾರ ಬಂದವು. ಚೀಲ ಹೊತ್ತು ತಂದ ಪೋಸ್ಟಿನವನು ಮನೇಲಿ ಎಷ್ಟು ಗಿಳಿ ಸಾಕಿದ್ದೀರಮ್ಮ ಎಂದು ಕೇಳಿದ. ಒಂದೇ, ಅದೂ ಮುಷ್ಟಿಯಷ್ಟು ಎಂದೆ. ಅಮ್ಮ ಮುದ್ದಿನಿಂದ ಸಾಕಿದ ಮರಿಯನ್ನು ನೀನು ಉಪವಾಸ ಕೆಡವಿ ಕೊಲ್ಲುತ್ತಿದ್ದೀಯ, ಶನಿವಾರ ೨೧ಕ್ಕೆ ನನ್ನ ಗೆಳತಿ ಬಂದು ಒಯ್ಯುತ್ತಾಳೆ, ಅವಳು ಅದಕ್ಕೆ ಇಷ್ಟವಾದದ್ದನ್ನು ಹಾಕುತ್ತಾಳೆ ಎಂದು ಬರೆದಿದ್ದೀಯ. ಕೊನೆಯಲ್ಲಿ ಇನ್ನೊಂದು ಸಾಲು ಬರೆದಿದ್ದೀಯ. ಅದಕ್ಕೆ ಆಮೇಲೆ ಬರುತ್ತೇನೆ.

ಈ ಸುದ್ದಿ ನಿನಗೆ ಮುಟ್ಟಿಸಿದ್ದು ಕೆಳಮನೆಯ ಟೈಲರಮ್ಮ ಎಂದು ನನಗೆ ಗೊತ್ತು. ಅವಳ ಕತ್ತರಿಗಿಂತ ನಾಲಗೆಯೇ ಚೂಪು. ಆದರೆ ಅವಳು ಹೇಳಿದ್ದು ಪೂರ್ತಿ ಸುಳ್ಳಲ್ಲ. ಅದಕ್ಕೇ ಮೊದಲಿಂದ ಹೇಳುತ್ತೇನೆ.

ಡಿಸೆಂಬರಿನಲ್ಲಿ ನಿನ್ನ ಅಮ್ಮ ಹೋದ ಮೇಲೆ, ಹಾಸ್ಟೆಲಿನಲ್ಲಿ ಹಕ್ಕಿ ಇಡಲು ಬಿಡಲ್ಲ ಎಂದು ಪಂಜರ ತಂದು ನನ್ನ ಅಡುಗೆಮನೆ ಕಿಟಕಿಗೆ ತಗುಲಿಸಿ ಹೋದವಳು ನೀನು. ಬೀಜ ಹಾಕು, ನೀರಿಡು, ಅಷ್ಟೇ ಎಂದೆ ನೀನು. ಹಾಗೇ ಮಾಡಿದೆ. ಬಟ್ಟಲು ಖಾಲಿಯಾದರೆ ಧಣಿಗಳು ಮನೆ ಹಾರಿಹೋಗುವ ಹಾಗೆ ಕಿರುಚುತ್ತಿದ್ದರು, ನಾನು ಓಡಿಹೋಗಿ ತುಂಬಿಸುತ್ತಿದ್ದೆ. ನಿನ್ನ ಅಮ್ಮ ಅದಕ್ಕೆ ಧಣಿ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಫೆಬ್ರುವರಿಯಲ್ಲಿ ಒಂದು ಮಧ್ಯಾಹ್ನ ಕಪಾಟಿನಿಂದ ಕಿಟಕಿಗೆ ಹಾರಿತು, ಐದು ಮೊಳವೂ ಇಲ್ಲ. ಕೂತ ಮೇಲೆ ಬಾಯಿ ಬಿಟ್ಟು ಬಾಲ ಕುಣಿಸುತ್ತಾ ಏದುಸಿರು ಬಿಟ್ಟಿತು. ಮೂರನೇ ಮಹಡಿ ಹತ್ತಿ ಬಂದ ಮುದುಕಿಯ ಹಾಗೆ. ನನ್ನ ಹಾಗೆ.

ಹಕ್ಕಿ ಡಾಕ್ಟರ ಹತ್ತಿರ ಹೊತ್ತೊಯ್ದೆ. ಆತ ಎದೆ ಒತ್ತಿ ನೋಡಿದ, ಕೊಕ್ಕು ನೋಡಿದ, ತಕ್ಕಡಿಗೆ ಇಟ್ಟ. ನೂರಾ ನಲವತ್ತೆಂಟು ಗ್ರಾಂ. ಈ ಜಾತಿಗೆ, ಈ ವಯಸ್ಸಿಗೆ ನೂರಿಪ್ಪತ್ತರ ಆಸುಪಾಸು ಇರಬೇಕಂತೆ. ಎಂಟು ತಿಂಗಳ ಮರಿಗೆ ಲಿವರಿನಲ್ಲಿ ಕೊಬ್ಬು ತುಂಬಿದೆ, ಬರೀ ಸೂರ್ಯಕಾಂತಿ ಬೀಜ ತಿನ್ನಿಸಿದ್ದೀರಾ, ದಿನಾ ಮೂರು ಹೊತ್ತು ಕರಿದ ತಿಂಡಿ ತಿಂದರೆ ಮಗು ಏನಾಗುತ್ತೆ ಹೇಳಿ ಎಂದ. ಹೀಗೇ ಬಿಟ್ಟರೆ ವರ್ಷ ತುಂಬುವುದಿಲ್ಲ ಎಂದ. ಹಕ್ಕಿಗೆಂದೇ ಮಾಡಿದ ಕಾಳಿನಂಥ ಗುಳಿಗೆ, ಸೊಪ್ಪು, ಕ್ಯಾರೆಟ್, ಬೇಯಿಸಿದ ಬೇಳೆ, ಹಣ್ಣು ಚೂರೇ ಚೂರು ಕೊಡಿ ಎಂದ. ಉಪ್ಪು, ಚಾಕೊಲೇಟ್, ಕಾಫಿ, ಈರುಳ್ಳಿ, ಬೆಣ್ಣೆಹಣ್ಣು ಮೂಸಲೂ ಕೊಡಬೇಡಿ, ಬೀಜ ಬಹುಮಾನ ಕೊಟ್ಟ ಹಾಗೆ ದಿನಕ್ಕೆ ನಾಲ್ಕೈದು, ಬದಲಾಯಿಸುವುದು ಮಾತ್ರ ನಿಧಾನಕ್ಕೆ ಎಂದ.

ಆ ನಿಧಾನಕ್ಕೆ ಎಂಬ ಮಾತು ನನ್ನ ಕಿವಿಗೆ ಬೀಳಲಿಲ್ಲ. ಇಲ್ಲಿಂದ ತಪ್ಪು ನನ್ನದು.

ಆಸ್ಪತ್ರೆ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಪಥ್ಯದ ಅಡುಗೆ ಮಾಡಿದವಳು ನಾನು. ಓದಲು ತಡವರಿಸುವವಳು ಎಂದು ಅಲ್ಲಿಯ ಹೆಂಗಸರು ಬಣ್ಣದ ಚೀಟಿ ಹೇಳಿಕೊಟ್ಟಿದ್ದರು. ಕೆಂಪು ಚೀಟಿಯ ತಟ್ಟೆಗೆ ಉಪ್ಪಿಲ್ಲ, ಹಳದಿಗೆ ಸಕ್ಕರೆ ಇಲ್ಲ, ನೀಲಿ ಚೀಟಿ ಕಿಡ್ನಿ ಹೋದವರದು, ಬಿಳಿಯದಕ್ಕೆ ಎಲ್ಲ ಉಂಟು. ನೀಲಿಯ ಕೆಲಸವೇ ಕಷ್ಟ. ತರಕಾರಿಯಲ್ಲೂ ಹಣ್ಣಿನಲ್ಲೂ ಇರುವ ಪೊಟ್ಯಾಸಿಯಂ ಎಂಬ ಒಂದು ಉಪ್ಪು ಅವರ ಮೈಯಿಂದ ಹೊರಗೆ ಹೋಗುವುದಿಲ್ಲ, ಹೆಚ್ಚಾದರೆ ನಿಂತ ಹಾಗೇ ಹೃದಯ ನಿಲ್ಲುತ್ತದೆ. ಅದಕ್ಕೆ ಹೆಚ್ಚಿ, ನೆನೆಸಿ, ನೀರು ಚೆಲ್ಲಿ, ಬೇಯಿಸಿ, ಮತ್ತೆ ನೀರು ಚೆಲ್ಲಬೇಕು. ನಿನ್ನ ಅಮ್ಮನಿಗೆ ಎರಡು ವರ್ಷ ಹಾಗೇ ಮಾಡಿ ಹಾಕಿದೆ.

ಗಿಳಿಗೂ ಹಾಗೇ ಮಾಡಿದೆ. ಪಥ್ಯ ಎಂದ ಕೂಡಲೇ ಕೈ ತಾನೇ ನೀಲಿ ದಾರಿ ಹಿಡಿಯಿತು. ಬೀಜ ಒಂದೇ ದಿನಕ್ಕೆ ನಿಲ್ಲಿಸಿದೆ. ಕ್ಯಾರೆಟ್ಟು ಸೊಪ್ಪು ನೆನೆಸಿ, ಎರಡು ನೀರು ಚೆಲ್ಲಿ, ಸಪ್ಪೆ ಮುದ್ದೆ ಮಾಡಿ ಬಟ್ಟಲಿಗಿಟ್ಟೆ. ಅದು ಮೂಸಲಿಲ್ಲ. ಹಸಿವಾದರೆ ತಿನ್ನುತ್ತೆ ಬಿಡು ಎಂದುಕೊಂಡೆ. ನನಗೂ ಹಟ, ಅದಕ್ಕೂ ಹಟ. ದಿನಾ ಬೆಳಗ್ಗೆ ತಕ್ಕಡಿ ಮೇಲೆ ಕೂರಿಸುತ್ತಿದ್ದೆ. ಜೀವಮಾನವೆಲ್ಲ ಊಟ ತೂಗಿದವಳು ಈಗ ಉಣ್ಣುವವನನ್ನೇ ತೂಗುತ್ತಿದ್ದೇನೆ ಎಂದು ನಗುವೂ ಬಂತು. ಒಂಬತ್ತನೇ ದಿನ ನೂರಾ ಹನ್ನೆರಡು. ಕಡ್ಡಿ ಮೇಲೆ ನಿಲ್ಲಲಾರದೆ ಪಂಜರದ ತಳದಲ್ಲಿ, ಗೂಡು ಮಾಡಿಕೊಂಡವರ ಹಾಗೆ, ಮೂಲೆ ಹಿಡಿದು ಕೂತಿತ್ತು. ಕಿರುಚಲೂ ಇಲ್ಲ. ಟೈಲರಮ್ಮ ನೋಡಿದ್ದು ಅದನ್ನೇ.

ಮತ್ತೆ ಡಾಕ್ಟರ ಹತ್ತಿರ ಓಡಿದೆ. ಏನು ಕೊಟ್ಟಿರಿ ಎಂದು ಕೇಳಿದ, ಹೇಳಿದೆ. ಆತ ಕನ್ನಡಕ ತೆಗೆದ. ಅಜ್ಜಿ, ಇದು ನಿಮ್ಮ ವಾರ್ಡಿನ ರೋಗಿ ಅಲ್ಲ, ಸತ್ವ ಎಲ್ಲ ಮೋರಿಗೆ ಚೆಲ್ಲಿ ಸಿಪ್ಪೆ ಇಟ್ಟಿದ್ದೀರಲ್ಲ, ಹಸೀದು ಕೊಡಿ, ಬೀಜ ವಾಪಸ್ ಹಾಕಿ, ದಿನಕ್ಕಿಷ್ಟು ಅಂತ ಇಳಿಸುತ್ತಾ ಬನ್ನಿ ಎಂದ. ಬೇರೆ ದಿನವಾಗಿದ್ದರೆ ಅಜ್ಜಿ ಅಂದದ್ದಕ್ಕೆ ಮುಖದ ನೀರಿಳಿಸಿ ಬರುತ್ತಿದ್ದೆ. ಅವತ್ತು ಪಂಜರವನ್ನು ಆತನ ಕಡೆಗೆ ಸರಿಸಿದೆ. ಮೂರು ದಿನ ಹಕ್ಕಿಯನ್ನು ಅಲ್ಲೇ ಇರಿಸಿಕೊಂಡು ಗಂಟಲಿಗೆ ನಳಿಗೆ ಹಾಕಿ ಗಂಜಿ ಕುಡಿಸಿದ. ಕಳಿಸುವಾಗ ಒಂದು ಮಾತು ಹೇಳಿದ. ಗಿಳಿ ಮರಿ ಬಟ್ಟಲು ನೋಡಿ ತಿನ್ನೋದಿಲ್ಲ, ತನ್ನವರು ಏನು ತಿಂತಾರೆ ನೋಡಿ ತಿನ್ನುತ್ತೆ, ನೀವು ಎದುರಿಗೆ ಕೂತು ತಿನ್ನಿ ಎಂದ.

ಆಗ ನನಗೆ ನಿನ್ನ ಅಮ್ಮ ಕಣ್ಣಿಗೆ ಕಟ್ಟಿದಳು. ಅವಳಿಗೆ ಬಾಯಿ ಕಟ್ಟಿದ್ದರು. ನೀರೂ ಅಳತೆ ಲೋಟದಲ್ಲಿ. ಅವಳು ಬೀಜದ ಸಿಪ್ಪೆಯನ್ನು ಹಲ್ಲಿನಿಂದ ಬಿಡಿಸಿ, ತಿರುಳನ್ನು ತಾನು ನುಂಗದೆ ತುಟಿ ಮೇಲಿಟ್ಟು ಆ ಮರಿಗೆ ಕೊಡುತ್ತಿದ್ದಳು. ಅದು ತಿಂದರೆ ತನ್ನ ಹೊಟ್ಟೆ ತುಂಬಿದ ಹಾಗೆ ಕಣ್ಣು ಮುಚ್ಚುತ್ತಿದ್ದಳು. ಅವಳ ಆಸೆಯನ್ನೆಲ್ಲ ತಿಂದು ಆ ಹಕ್ಕಿಗೆ ಕೊಬ್ಬು ಬಂದಿದೆ. ಇದು ಅವಳ ತಪ್ಪು ಎಂದು ಬರೆಯುತ್ತಿಲ್ಲ. ನೀನು ಕಳಿಸಿದ ಚೀಲವೂ ಅದೇ ಆಸೆ, ಅಷ್ಟು ಹೇಳುತ್ತಿದ್ದೇನೆ.

ಈಗ ದಿನಾ ಬೆಳಗ್ಗೆ ಪಂಜರದ ಬಾಗಿಲು ತೆಗೆದು, ನಿನ್ನ ಅಮ್ಮ ಇಲ್ಲಿಗೆ ಬಂದಾಗ ಕೂರುತ್ತಿದ್ದ ಕುರ್ಚಿಯಲ್ಲಿ ಕೂತು, ಇರುವ ಒಂಬತ್ತು ಹಲ್ಲಿನಲ್ಲಿ ಹಸಿ ಕ್ಯಾರೆಟ್ ಕಡಿಯುತ್ತೇನೆ. ಆಹಾ ಎಂದು ನಾಟಕವನ್ನೂ ಮಾಡುತ್ತೇನೆ. ಟೈಲರಮ್ಮ ಇದನ್ನೂ ನಿನಗೆ ಹೇಳಿರಬಹುದು, ಮುದುಕಿಗೆ ತಲೆ ಕೆಟ್ಟಿದೆ ಎಂದು. ನಾಲ್ಕು ದಿನ ಧಣಿ ಬೆನ್ನು ತಿರುಗಿಸಿ ಕೂತ. ಶುಕ್ರವಾರ ನನ್ನ ಭುಜಕ್ಕೆ ಬಂದು, ಬಾಯಲ್ಲಿದ್ದ ಚೂರನ್ನೇ ಕಿತ್ತುಕೊಂಡ. ತುಟಿಯಿಂದ ರಕ್ತ ಬಂತು. ಇವತ್ತು ನೂರಾ ಹದಿನೈದು ಗ್ರಾಂ. ಉಳಿಯುತ್ತೆ ಎಂದು ಡಾಕ್ಟರೂ ಹೇಳುತ್ತಿಲ್ಲ. ಲಿವರು ಇನ್ನೂ ಕೆಟ್ಟಿದೆ, ಇನ್ನೊಂದು ಸಲ ಬರೀ ಬೀಜಕ್ಕೆ ಮರಳಿದರೆ ನನ್ನ ಹತ್ತಿರ ತರಬೇಡಿ ಎಂದಿದ್ದಾನೆ. ನಿನ್ನ ಗೆಳತಿ ಬುಟ್ಟಿ ತಂದು ಅದನ್ನು ಒಯ್ದರೆ ಅದು ಮತ್ತೆ ಬೀಜ ತಿಂದು ಸಂತೋಷವಾಗಿ ಸಾಯುತ್ತದೆ.

ಡಾಕ್ಟರು ಕೊಟ್ಟ ಪಟ್ಟಿಯಲ್ಲಿ ಬಾಳೆಹಣ್ಣಿನ ಚೂರೂ ಇದೆ. ಅದನ್ನು ಮಾತ್ರ ನಾನು ಕೊಡುವುದಿಲ್ಲ. ಸೇಬು ಕೊಡುತ್ತೇನೆ, ಬೀಜ ತೆಗೆದು. ಬಾಳೆಹಣ್ಣು ನನ್ನ ಮನೆಗೆ ಬರುವುದಿಲ್ಲ.

ಈಗ ನಿನ್ನ ಕೊನೆಯ ಸಾಲು. ಸಾಯೋ ಹಿಂದಿನ ದಿನ ಅಮ್ಮ ಒಂದು ಬಾಳೆಹಣ್ಣು ಕೇಳಿದ್ರೂ ಕೊಡದ ಕಲ್ಲೆದೆ ನಿಂದು, ಹಕ್ಕಿಗೆ ಕೊಡ್ತೀಯಾ ಎಂದು ಬರೆದಿದ್ದೀಯ. ಕೆಟ್ಟ ಅಕ್ಷರ ನನ್ನದು, ಕೆಟ್ಟ ಮಾತು ನಿನ್ನದು. ಅದಕ್ಕೆ ಇಲ್ಲಿ ಉತ್ತರ ಬರೆಯುವುದಿಲ್ಲ. ಕೈ ನೋಯುತ್ತಿದೆ.

ಗೆಳತಿಗೆ ಬರಬೇಡ ಎಂದು ಹೇಳು. ಇಲ್ಲ, ನೀನೇ ಬಂದು ಡಾಕ್ಟರ ಎದುರು ನಿಂತು ಕೇಳಿಕೊಂಡು ಹೋಗು. ಎರಡರಲ್ಲಿ ಒಂದನ್ನು ಬರೆದು ತಿಳಿಸು.

ಇಂತಿ,
ನಿನ್ನ ದೊಡ್ಡಮ್ಮ

ಮರೆತಿದ್ದೆ: ಮರೆತಿರಲಿಲ್ಲ, ಸುಳ್ಳೇಕೆ. ಕವರು ಅಂಟಿಸಿ ಮತ್ತೆ ಬಿಡಿಸಿದೆ. ನಾನು ಕೊಟ್ಟೆ. ಅವಳು ಹೋಗುವ ಹಿಂದಿನ ದಿನ, ಆ ಭಾನುವಾರ ಮಧ್ಯಾಹ್ನ, ನೀಲಿ ಚೀಟಿಯ ತಟ್ಟೆಯನ್ನು ನಾನೇ ಹಿಡಿದುಕೊಂಡು ನಿನ್ನ ಅಮ್ಮನ ವಾರ್ಡಿಗೆ ಹೋದೆ. ಅವಳು ತಟ್ಟೆ ನೋಡಿ, ಒಂದೇ ಒಂದು ಬಾಳೆಹಣ್ಣು ಕೊಡೇ ಅಕ್ಕ ಎಂದು ಮಗುವಿನ ಹಾಗೆ ಅತ್ತಳು. ಬಿಳಿ ಚೀಟಿಯ ತಟ್ಟೆಗಳಿಂದ ಎರಡು ತೆಗೆದು ಏಪ್ರನ್ ಜೇಬಿನಲ್ಲಿ ತಂದು, ಆ ಉಪ್ಪು ಬಾಳೆಹಣ್ಣಿನಲ್ಲೇ ಹೆಚ್ಚು ಎಂದು ಗೊತ್ತಿದ್ದೂ ನಾನೇ ಸುಲಿದು ಕೊಟ್ಟೆ. ಎರಡನ್ನೂ ತಿಂದಳು, ನಕ್ಕಳು. ಬೆಳಗ್ಗೆ ಡಯಾಲಿಸಿಸ್‌ಗೆ ಒಯ್ಯುವ ಮೊದಲೇ ಹೃದಯ ನಿಂತಿತು. ಏನು ತಿಂದಳು ಎಂದು ಅಡುಗೆಮನೆಯನ್ನು ಯಾರೂ ಕೇಳಲಿಲ್ಲ. ಅಮ್ಮ ಏನಾದ್ರೂ ಕೇಳಿದ್ಲಾ ಎಂದು ನೀನು ಕೇಳಿದಾಗ, ಬಾಳೆಹಣ್ಣು ಕೇಳಿದಳು, ಕೊಡಲಿಲ್ಲ ಎಂದೆ. ಕಲ್ಲೆದೆ ಅನ್ನಿಸಿಕೊಳ್ಳುವುದು ನಿಜ ಹೇಳುವುದಕ್ಕಿಂತ ಸುಲಭವಾಗಿತ್ತು. ಅದಾದ ಮೇಲೆ ಆಸ್ಪತ್ರೆ ಕೆಲಸ ಬಿಟ್ಟದ್ದು ನಿನಗೆ ಹೇಳಿದ ಹಾಗೆ ಮಂಡಿನೋವಿಗೆ ಅಲ್ಲ. ನನಗೆ ಏನು ಅನ್ನುವುದಿದ್ದರೂ ಆಮೇಲೆ ಅನ್ನು, ಎಷ್ಟು ದಿನ ಬೇಕಾದರೂ ತಗೋ. ಹಕ್ಕಿಯ ವಿಷಯಕ್ಕೆ ಮಾತ್ರ ಶುಕ್ರವಾರ ಇಪ್ಪತ್ತನೇ ತಾರೀಕಿನೊಳಗೆ ನನಗೆ ಉತ್ತರ ಬರಬೇಕು.